ಎಚ್ಚರಿಕೆ ಬಂದರೆ ಕಟ್ಟಣೆ ಕಟ್

ತಗ್ಗೂರು
ಫೆಬ್ರವರಿ ೩೧, ೨೩೮೭

ಹಿಂದಿನ ಕಾಲದ ಪ್ರೋಗ್ರಾಮರ್ ಮಹಾಶಯರೇ,

ಇಂಥ ತಾರೀಖೇ ಇಲ್ಲವೆಂದು ನಿಮ್ಮ ಯಂತ್ರ ಎಚ್ಚರಿಸಬಹುದು. ನೀವು ಎಚ್ಚರಿಕೆ ಓದುವವರಲ್ಲ, ಆದ್ದರಿಂದ ಅಡ್ಡಿಯಿಲ್ಲ. ನನ್ನ ಕೆಲವು ಮಾತು ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನೀವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ನಮಗೆ ‘ನುಡಿತಿರುಗ’. ಅದರಿಂದ ಸಿದ್ಧವಾಗುವ ಬಿಲ್ಡ್ ನಮಗೆ ‘ಕಟ್ಟಣೆ’.

ಬಿಸಿಲು ತಾಳಲಾರದೆ ನಾವು ನೆಲದೊಳಗೆ ಊರು ಮಾಡಿಕೊಂಡಿದ್ದೇವೆ. ಬೆಳಗಾದರೆ ಮೊಸರಿನವರು, ಮೇಷ್ಟ್ರುಗಳು, ಮದುವೆಯ ದಿಬ್ಬಣ, ಎಲ್ಲರೂ ಇಳಿಗಾಡಿಯಲ್ಲೇ ಓಡಾಡಬೇಕು. ಇಳಿಗಾಡಿ ಎಂದರೆ ನಿಮ್ಮ ಲಿಫ್ಟಿನ ಮರಿಮಗಳು. ಅದನ್ನು ನಡೆಸುವ ಪ್ರೋಗ್ರಾಮಿನ ತಳಪಾಯ ನಿಮ್ಮ ಕಾಲದ್ದು. ಕಳೆದ ಸುಗ್ಗಿಯಲ್ಲಿ ನನ್ನ ಅಕ್ಕ ತುಂಗವ್ವ ಹೊರಟಿದ್ದ ಗಾಡಿ ಎರಡು ಅಂತಸ್ತುಗಳ ನಡುವೆ ನಿಂತು, ಊರು ಬಂತೆಂದು ಬಾಗಿಲು ತೆರೆಯಿತು. ಪಕ್ಕದ ಮುದುಕರೊಬ್ಬರು ಸೆರಗು ಹಿಡಿದು ಎಳೆದರು: “ಏ ತಂಗೀ, ಬಾಗಲಾ ತೆರೀತಂತ ಕಾಲಿಡಬ್ಯಾಡ, ಅಲ್ಲಿ ಊರಿಲ್ಲವ್ವಾ!”

ಹುಡುಕಿದಾಗ ಸಿಕ್ಕಿದ್ದು ನಿಮ್ಮದೊಂದು ಸಾಲು. ಎತ್ತರದ ಲೆಕ್ಕದಲ್ಲಿ, ಪೂರ್ಣಾಂಕ ಮಾತ್ರ ಹಿಡಿಯುವ ಜಾಗಕ್ಕೆ ದಶಾಂಶ ತುರುಕಿದ್ದಿರಿ. ಪ್ರತಿ ಸಲ ಚೂರು ಉದುರಿ, ಉದುರಿದ್ದೆಲ್ಲ ಸೇರಿ ಆಳುದ್ದದ ತಪ್ಪಾಗಿತ್ತು. ನುಡಿತಿರುಗ ಅಂದೇ ಎಚ್ಚರಿಸಿತ್ತು. ಸಾಲಿನ ಮಗ್ಗುಲಲ್ಲೇ ನಿಮ್ಮವರೊಬ್ಬರು ಬರೆದಿದ್ದರು: ‘ಪರವಾಗಿಲ್ಲ.’ ಕಾಫಿ ಚೆಲ್ಲಿದ ನೆಂಟರಿಗೆ ಹೇಳುವ ಮಾತು! ನೆಂಟರಿಗಾದರೆ ಸಂಕೋಚ ಕಳೆಯುತ್ತದೆ. ಯಂತ್ರಕ್ಕೆ ಸಂಕೋಚವೇ ಇಲ್ಲ, ಅದು ಬಾಯಿ ಮುಚ್ಚಿಕೊಂಡು ಕಟ್ಟಿಬಿಟ್ಟಿತು.

ಅಂದಿನಿಂದ ನಮ್ಮಲ್ಲಿ ಒಂದೇ ನಿಯಮ: ಎಚ್ಚರಿಕೆ ಬಂದರೆ ಕಟ್ಟಣೆ ಕಟ್. ಸಣ್ಣದು ದೊಡ್ಡದು ಎಂಬ ಭೇದವಿಲ್ಲ. ಸರಿಪಡಿಸುವ ತನಕ ಕೆಲಸ ಮುಂದೆ ಹೋಗದು. ಮೊದಮೊದಲು ಒಂದು ಕಟ್ಟಣೆಯೂ ಮುಗಿಯಲಿಲ್ಲ. “ಒಲಿ ಹಚ್ಚೂದ್ರಾಗನ ಉಪ್ಪು ಕಡಿಮಿ ಅನ್ನೋ ಅತ್ತಿ ಐತ್ರೀ ಇದು!” ಎಂದು ನನ್ನ ಜೊತೆ ಕಟ್ಟಣೆ ಕೆಲಸ ಮಾಡುವ ಹುಡುಗಿಯರು ಸಿಡುಕಿದರು. ಗೊಣಗುತ್ತ ಗೊಣಗುತ್ತಲೇ ಗಂಟು ಬಿಡಿಸಿದರು. ಈಗ ಗೊಣಗೂ ಇಲ್ಲ, ಗಂಟೂ ಇಲ್ಲ.

ಆದರೆ ಸರಿಹೋದದ್ದು ನಮ್ಮೂರಿನ ಗಾಡಿಯೊಂದೇ. ಉಳಿದ ಊರುಗಳಲ್ಲಿ ಇನ್ನೂ ನೀವು ಕಟ್ಟಿದ್ದೇ ಓಡುತ್ತಿದೆ. ಆದ್ದರಿಂದ ವಿನಂತಿ: ನಾಳೆ ಆಫೀಸಿಗೆ ಹೋದೊಡನೆ ಈ ನಿಯಮ ಚಾಲೂ ಮಾಡಿ. ರಿಲೀಸ್ ತಡವಾಯಿತೆಂದು ಮ್ಯಾನೇಜರ್ ಕೂಗಾಡಬಹುದು. ಕೂಗಾಡಲಿ, ಅದರಿಂದ ಯಾರೂ ಸಾಯುವುದಿಲ್ಲ.

ನಾನಿನ್ನು ಹೊರಡಬೇಕು. ಅಕ್ಕ ಇಂದು ಮತ್ತೆ ಗಾಡಿ ಹತ್ತಲು ಒಪ್ಪಿದ್ದಾಳೆ. ಷರತ್ತು ಒಂದೇ: ಬಾಗಿಲು ತೆರೆದಾಗ ಮೊದಲ ಹೆಜ್ಜೆ ನನ್ನದಾಗಬೇಕಂತೆ. ಆಗಲಿ ಎಂದಿದ್ದೇನೆ. ಕಟ್ಟಿದವನು ನಾನೇ ತಾನೆ.

ಇತಿ,
ಚನ್ನವೀರ
ಇಳಿಗಾಡಿಯ ಕಟ್ಟಣೆಗಾರ