ಗೋಡೆಯ ಮೇಲೆ ಹೆಗ್ಗಣ

ಜೂನ್ ೩, ಬೆಳಿಗ್ಗೆ

ಎಂದಿನಂತೆ ನಿನ್ನ ಚಿತ್ರಗಳ ಧೂಳು ಒರೆಸುತ್ತಿದ್ದೆ, ಅಕ್ಕಾ. ಬೆಲ್ ಆಯಿತು. ಕಾಲೇಜಿನ ಪ್ರಿನ್ಸಿಪಾಲರು. ಪಕ್ಕದಲ್ಲಿ ಕೋಲೂರಿಕೊಂಡು — ಅದೇ ಡ್ರಾಯಿಂಗ್ ಮೇಷ್ಟ್ರು!

"ಕಾಲೇಜಿಗೊಂದು ಕಲಾಸಂಗ್ರಹ ಕಟ್ತಾ ಇದ್ದೀವಮ್ಮ. ನಿಮ್ಮ ಅಕ್ಕನ ಚಿತ್ರ ಇಲ್ದೆ ಹೇಗೆ?" ಅಂದರು ಪ್ರಿನ್ಸಿಪಾಲರು.

ಈಗ ಬೇಕಾಯಿತು. ನೀನು ಬದುಕಿದ್ದಾಗ ಇಬ್ಬರೂ ಈ ಚಿತ್ರಗಳನ್ನೇ ಹೊತ್ತುಕೊಂಡು ಅಲ್ಲಿಗೆ ಹೋಗಿದ್ದೆವಲ್ಲ. ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಈ ಮೇಷ್ಟ್ರು ಅಂದದ್ದು: "ಹೆತ್ತೋರಿಗೆ ಹೆಗ್ಗಣ ಮುದ್ದು, ತಾಯಿ. ಮನೇಲೇ ಇಟ್ಕೊಳ್ಳಿ."

ಎಲ್ಲರೂ ನಕ್ಕರು. ನೀನೂ ನಕ್ಕೆ. ನಾನು ನಗಲಿಲ್ಲ.

ಟೀ ಕೊಟ್ಟೆ. ಅವನದಕ್ಕೆ ಸಕ್ಕರೆ ಹಾಕಲಿಲ್ಲ.

ಜೂನ್ ೫

ಕೊಡುತ್ತೇನೆ ಎಂದು ಮೇಷ್ಟ್ರಿಗೇ ಫೋನ್ ಮಾಡಿದೆ. ಷರತ್ತು: ಎಲ್ಲವೂ ಗೋಡೆಯ ಮೇಲಿರಬೇಕು, ನೀನಿಟ್ಟ ಹೆಸರೇ ಕೆಳಗಿರಬೇಕು. ನೀನು ಬೆಡ್‌ಶೀಟಿನಲ್ಲಿ ಸುತ್ತಿ ಕಟ್ಟಿಟ್ಟ ಗಂಟು ಮಾತ್ರ ಸಭೆಯಲ್ಲೇ ಬಿಚ್ಚಬೇಕು, ಮೇಷ್ಟ್ರ ಕೈಯಿಂದಲೇ.

"ಅದಕ್ಕೇನಂತೆ! ನನ್ನ ಭಾಗ್ಯ," ಅಂದ. ಕುರಿ ತಾನಾಗೇ ಕತ್ತಿಗೆ ಕೊರಳೊಡ್ಡಿತು.

ಅದರೊಳಗೆ ನಿನ್ನ ಕಡೆಯ ಚಿತ್ರ. "ಮೇಷ್ಟ್ರನ್ನ ಬರ್ದಿದ್ದೀನಿ ಕಣೇ. ಹೆಸರು ಹೆಗ್ಗಣ," ಅಂದಿದ್ದೆ ನೀನು. ಆ ಮುಖ ಮನೆಯೊಳಗೆ ಬೇಡವೆಂದು ಇವತ್ತಿಗೂ ಬಿಚ್ಚಿಲ್ಲ. ಮೀಸೆ, ಹಲ್ಲು, ಬಾಲ... ನೆನೆಸಿಕೊಂಡರೇ ಹೊಟ್ಟೆ ತಣ್ಣಗಾಗುತ್ತದೆ.

ಜುಲೈ ೨೦, ಸಂಜೆ

ಹಾಲ್ ತುಂಬ ಜನ. ಗಂಟು ಬಿಚ್ಚಿದ.

ಹಲ್ಲಿಲ್ಲ. ಬಾಲವಿಲ್ಲ. ಕಿಟಕಿಯ ಬಳಿ ಒಬ್ಬ ಹುಡುಗಪ್ರಾಯದ ಮೇಷ್ಟ್ರು, ಕೆನ್ನೆಗೆ ಚಾಕ್‌ಪುಡಿ, ಸುಸ್ತಾದ ಕಣ್ಣು. ಮಲಗಿದ ಮಗುವನ್ನು ನೋಡುವ ಹಾಗೆ ನೋಡಿ ಬರೆದಿದ್ದೀಯಲ್ಲೇ!

ಹಿಂಬದಿಯ ಹೆಸರನ್ನು ನಾನೇ ಗಟ್ಟಿಯಾಗಿ ಓದಿದೆ. "ಹೆಗ್ಗಣ."

ಯಾರೂ ನಗಲಿಲ್ಲ. ಅವನೊಬ್ಬನಿಗೇ ಅರ್ಥವಾದದ್ದು. "ಹೆತ್ತೋರಿಗೆ..." ಅಂದ.

ಜುಲೈ ೨೧

ಒಬ್ಬನೇ ಬಂದಿದ್ದ. ಬಾಗಿಲಲ್ಲೇ ನಿಲ್ಲಿಸಿದೆ.

"ಆ ಹೆಸರೊಂದು ತೆಗೆಸಿಬಿಡಿ ತಾಯಿ. ಯಾಕೆ ಹೆಗ್ಗಣ ಅಂತ ಮಕ್ಕಳು ಕೇಳ್ತಾವೆ."

"ಹೇಳಿ."

"ಏನಂತ ಹೇಳ್ಲಿ?"

"ಅವತ್ತು ಅಂದ್ರಲ್ಲ, ಅದನ್ನೇ ಹೇಳಿ."

ಬಾಗಿಲು ಹಾಕಿಕೊಂಡೆ. ಟೀಗೆ ಸಕ್ಕರೆ ಜಾಸ್ತಿಯೇ ಹಾಕಿಕೊಂಡು ಕುಡಿದೆ.

ಆಗಸ್ಟ್ ೧೪

ಕಾಲೇಜಿಗೆ ಹೋಗಿದ್ದೆ. ಅವನು ಸೋಲುವುದನ್ನು ಕಣ್ತುಂಬ ನೋಡಬೇಕಿತ್ತು. ಕಂಬದ ಮರೆಯಲ್ಲಿ ನಿಂತೆ.

ನಿನ್ನ ಚಿತ್ರದ ಕೆಳಗೇ ಸ್ಟೂಲ್ ಹಾಕಿಕೊಂಡು ಕೂತಿದ್ದ. ಸುತ್ತ ಹುಡುಗಿಯರು.

"ಸಾರ್, ಇದು ನೀವಾ? ಹೆಗ್ಗಣ ಅಂತ ಯಾಕೆ?"

"ನಾನೇ ಕಣಮ್ಮ. ಒಂದಿನ ಅಕ್ಕತಂಗೀರು ಇಬ್ರು ಚಿತ್ರ ಹೊತ್ಕೊಂಡು ಬಂದ್ರು. ನಾನು ಕಣ್ಣಿದ್ದೂ ಕುರುಡ..." ಎಂದು ಶುರು ಮಾಡಿದ. ಒಂದು ಮಾತೂ ನುಂಗಲಿಲ್ಲ. ಹುಡುಗಿಯರು ಅವನನ್ನೂ ಗೋಡೆಯನ್ನೂ ನೋಡಿದರು. ಒಬ್ಬಳು ಥೂ ಅಂದಳು.

ಇದಕ್ಕೇ ಕಾದಿದ್ದೆ. ಹೊಟ್ಟೆ ತಣ್ಣಗಾಯಿತು. ಆದರೂ ಅಕ್ಕಾ, ಅವತ್ತು ಸ್ಟಾಫ್ ರೂಮಿನಲ್ಲಿ ನೀನು ನಕ್ಕೆಯಲ್ಲ, ಆ ನಗು — ನೋವಿನದೋ, ಮುದ್ದಿನದೋ?