ಗುನ್‌ಬೋರಿ ಅತ್ತೆಯ ಕೈಗಿತ್ತ ನೀಲಿ ಹೂ

ಅಕ್ಕಾ,

ನಾಲ್ಕು ದಿನದ ಹಿಂದೆ ಆದದ್ದನ್ನು ನಿನಗೆ ಹೇಳದೆ ಇರಲಾರೆ. ಅಲ್ಲಿ ಉತ್ತರದ ಕಿರುನಾದಲ್ಲಿ ಇನ್ನೂ ಮೊಳಕಾಲುದ್ದ ಹಿಮವಿರಬೇಕು. ಇಲ್ಲಿ ದಕ್ಷಿಣದ ರೂಸ್ಲಾಗನ್ ಕಾಡಿನಲ್ಲಿ ಆಗಲೇ ತರಗೆಲೆಯ ನಡುವೆ ಪುಟ್ಟ ನೀಲಿ ಹೂಗಳು ತಲೆಯೆತ್ತಿವೆ. ಯಾರು ಬೇಕಾದರೂ ಕೀಳಬಹುದಾದ ವಯೊಲೆಟ್ ಹೂವೆಂದುಕೊಂಡು ಭಾನುವಾರ ಒಂದು ಹಿಡಿ ಕಿತ್ತು ಟೊರ್ಕೆಲ್‌ನ ತಾಯಿ ಗುನ್‌ಬೋರಿಯವರ ಕೈಗಿಟ್ಟೆ. ನಮ್ಮ ಮದುವೆಗೆ ಅವರಿನ್ನೂ ಒಪ್ಪಿರಲಿಲ್ಲ.

ಅವರು ಹೂಗಳನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಹಾಕಿ, ಹೂವಿನೊಡನೆ ಕಿತ್ತುಬಂದ ಎಲೆಯನ್ನು ತಿರುಗಿಸಿ ನೋಡಿದರು.

"ಮೂರು ಭಾಗ ಇರೋ ಹೋದ ವರ್ಷದ ಎಲೆ, ದಂಟಿನ ಮೇಲೆ ನವಿರು. ಇದು ಬ್ಲೋಸಿಪ್ಪ ಕಣಮ್ಮ. ಕೀಳೋದು ಕಾನೂನಿಗೆ ವಿರುದ್ಧ ಅಂತ ಇಲ್ಲಿ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಕಾಡಿನ ಬಾಯಲ್ಲಿ 'ಈ ಹೂ ಕೀಳಬೇಡಿ' ಅನ್ನೋ ಬೋರ್ಡ್ ನಿಲ್ಲಿಸಿದವಳೇ ನಾನು."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವರು ಎದ್ದು ಬಾಗಿಲ ಚಿಲಕ ಹಾಕಿದರು, ಪರದೆ ಎಳೆದರು, ಹೂಗಳನ್ನು ಹಬ್ಬದ ಗಾಜಿನ ಲೋಟದಲ್ಲಿಟ್ಟು ಎದುರಿಗೇ ಕೂತರು.

"ಎಪ್ಪತ್ತು ವರ್ಷದಿಂದ ಕಾಡಲ್ಲಿ ಇದನ್ನ ಬಗ್ಗಿ ಬಗ್ಗಿ ನೋಡ್ತಿದೀನಿ. ಮನೆಯೊಳಗೆ ಬಂದಿದ್ದು ಇವತ್ತೇ. ಕಾಫಿ ಮಾಡು ಹೋಗು."

ನನ್ನ ಕೆಮ್ಮು ವಾಸಿಯಾಗಿದೆ. ಮದುವೆ ಜೂನ್‌ನಲ್ಲಿ. ಅಂಚೆಯವನು ಓದಿಬಿಟ್ಟಾನೆಂದು ಈ ಕಾರ್ಡನ್ನು ಲಕೋಟೆಗೆ ಹಾಕಿಸಿದವರು ಅತ್ತೆ. ಅದರೊಳಗಿನ ಹೂವನ್ನು ಪುಸ್ತಕದಲ್ಲಿ ಒತ್ತಿಟ್ಟವರೂ ಅವರೇ.

ನಿನ್ನ ಸಿಗ್ನಿ