ಪ್ರೆಸ್ ಮಷೀನಿನ ಸಪ್ಪಳ

ಮಂಗಳವಾರ, ೧೧ ಮಾರ್ಚ್ ೨೦೨೫, ಸಾತಪುರ

ಸಿಟ್ಟು ಇನ್ನೂ ಇಳಿದಿಲ್ಲ. ಅದು ನನ್ನ ಮೇಲೆಯೇ. ಯಂತ್ರದ ಗದ್ದಲವೇ ಸಂಗೀತವೆಂದು ನೂರು ವರ್ಷದ ಹಿಂದೆ ಮಿಲಾನ್‌ನಲ್ಲಿ ಕೆಲವು ಕಲಾವಿದರು ಸಾರಿದ್ದರಂತೆ. ಮೊಮ್ಮಗಳು ವಿಭಾ ಅದನ್ನೇ ಓದಲು ಆ ಊರಿಗೆ ಹೋಗಿದ್ದಾಳೆ. ಸಂಜೆ ವಿಡಿಯೋದಲ್ಲಿ ಬಂದಳು. ಅವಳ ಮಾತನ್ನು ಸೊಸೆ ಮೃದುಲಾ ನನ್ನ ಕಿವಿಯಲ್ಲಿ ಕೂಗಿದಳು: “ಮಾವಾರ, ನಿಮ್ಮ ಪ್ರೆಸ್ ಮಷೀನು ಹೆಂಗ ಸಪ್ಪಳ ಮಾಡ್ತಿತ್ತು ಅಂತ ಕೇಳಾಕತ್ತಾಳ್ರಿ. ಥೀಸಿಸ್‌ಗೆ ಬೇಕಂತ.”

“ಅದನ್ನ ಕೇಳಿ ಕೇಳೇ ಕಿವಿ ಹೋದ್ವು. ಸಂಗೀತ ಅಂತ, ಸಂಗೀತ! ಬೆಂಕಿ ಹಚ್ಚು ನಿನ್ನ ಓದಿಗೆ!” ಎಂದು ಬೈದೆ.

ಕಾರ್ಖಾನೆಯ ಶಾಪಿನಲ್ಲಿ, ತಗಡು ಒತ್ತುವ ಆ ಮಷೀನುಗಳ ನಡುವೆ, ನಾವು ಕೈಸನ್ನೆಯಲ್ಲೇ ಮಾತಾಡುತ್ತಿದ್ದೆವು, ಅಷ್ಟನ್ನಾದರೂ ಹೇಳಬಹುದಿತ್ತು.

ವಿಭಾ ಅಳುತ್ತ ಏನೋ ಹೇಳಿದಳು. ಏನೆಂದು ಮೃದುಲಾಳನ್ನು ಕೇಳಿದೆ. “ಏನಿಲ್ರಿ ಮಾವಾರ, ಊಟಕ್ಕ ಏಳ್ರಿ” ಎಂದಳು.

ವಿಭಾಳ ಆ ತುಟಿಗಳನ್ನೇ ನೆನೆಯುತ್ತ ಕೂತಿದ್ದೇನೆ. ಆಡಿದ್ದು ಮನೆಯ ಕನ್ನಡವೋ ಈ ಊರಿನ ಮರಾಠಿಯೋ, ಅದೂ ತಿಳಿಯುತ್ತಿಲ್ಲ.